ಚರ್ಮದ ಒಪ್ಪಿಗೆ ಕೇಳಿದೆಯಾ, ಅಳಿಯ?

ನಿಮ್ಮ ಎಲುಬಿನ ಡಾಕ್ಟರುಗಳ ಅಭ್ಯಾಸ ನನಗೆ ಚೆನ್ನಾಗಿ ಗೊತ್ತು ಕಣಯ್ಯಾ. ರೋಗಿ ಒಳಗೆ ಬಂದು ಕೂರುವ ಮೊದಲೇ ಎಕ್ಸ್‌ರೇ ಬೆಳಕಿಗೆ ಹಿಡಿದಿರುತ್ತೀರಿ. ಸಂದು ಸವೆದಿದೆ, ಮೂಳೆಗೆ ಮೂಳೆ ತಾಗುತ್ತಿದೆ, ಕೀಲು ಇಷ್ಟು ಡಿಗ್ರಿ ವಾಲಿದೆ ಎಂದು ಅಳೆದು ಮುಗಿಸುವಷ್ಟರಲ್ಲಿ ಮನಸ್ಸು ಯಾವ ಕಂಪನಿಯ ಇಂಪ್ಲಾಂಟ್, ಯಾವ ಸೈಜು ಎಂಬಲ್ಲಿಗೆ ಓಡಿರುತ್ತದೆ. ಚಪ್ಪಲಿ ಬಿಡಿಸಿ, ಸೀರೆಯ ನೆರಿಗೆ ಸರಿಸಿ ಚರ್ಮ ನೋಡುವುದು ಆಮೇಲಿನ ಮಾತು. ನಾನು ಪ್ಲಾಸ್ಟಿಕ್ ಸರ್ಜನ್ ಆಗಿದ್ದಷ್ಟು ಕಾಲವೂ ನಿಮ್ಮ ವಿಭಾಗದಿಂದ ಬರುತ್ತಿದ್ದ ಫೋನಿಗೆ ಒಂದೇ ಧಾಟಿ: “ಸರ್, ಕೀಲು ಚೆನ್ನಾಗಿ ಕೂತಿದೆ, ಎಕ್ಸ್‌ರೇ ನೋಡಿದರೆ ಖುಷಿಯಾಗುತ್ತೆ, ಮುಂದಿನ ಗಾಯ ಸ್ವಲ್ಪ ಕಪ್ಪಾಗಿದೆ, ಒಂದು ಸಲ ಬಂದು ನೋಡ್ತೀರಾ?”

ನೀನೀಗ ಫೆಲೋಶಿಪ್ ಮುಗಿಸಿ ಬಂದಿದ್ದೀಯ. ಆಂಕಲ್ ರಿಪ್ಲೇಸ್‌ಮೆಂಟ್ ಮಾಡಬಲ್ಲೆ ಎಂಬ ಉತ್ಸಾಹ ಮುಖದಲ್ಲೇ ಕಾಣುತ್ತದೆ, ಕಾಣಲಿ. ಆದರೆ ಮೊನ್ನೆ ಊಟಕ್ಕೆ ಕೂತಾಗ ನೀನು ಹೇಳಿದ ಆ ಹೆಂಗಸಿನ ಕೇಸು ನನ್ನ ತಲೆಯಿಂದ ಹೋಗಿಲ್ಲ. ಅರವತ್ತು ದಾಟಿದ ವಯಸ್ಸು, ಹಳೆಯ ರುಮಟಾಯ್ಡ್ ವಾತ, ಜೊತೆಗೆ ಸಕ್ಕರೆ ಕಾಯಿಲೆ, ದಿನಾ ಪ್ರೆಡ್ನಿಸೊಲೋನ್ ಮಾತ್ರೆ, ಹತ್ತು ವರ್ಷದ ಹಿಂದೆ ಬಸ್ಸಿನಿಂದ ಬಿದ್ದಾಗ ಹಾಕಿದ ಪ್ಲೇಟಿನ ಕಲೆ ಹೊರಮಗ್ಗುಲಲ್ಲಿ. “ಹೈ ರಿಸ್ಕ್, ಆದರೆ ಮಾಡಬಹುದು ಮಾವ” ಅಂದೆ. ಮಾಡಬಹುದೋ ಏನೋ. ಅದಕ್ಕೆ ಮೊದಲು ನನ್ನ ಕಡೆಯ ಮಾತನ್ನೂ ಸ್ವಲ್ಪ ಕೇಳು.

ಸೊಂಟದ ಕೀಲು ಬದಲಿಸುವಾಗ ನಿನ್ನ ಲೋಹದ ಮೇಲೆ ಅಂಗೈ ದಪ್ಪದ ಮಾಂಸಖಂಡ ಇರುತ್ತದೆ. ಮಂಡಿಯಲ್ಲೂ ಒಂದಿಷ್ಟು ಹೊದಿಕೆ ಇದೆ. ಆಂಕಲ್‌ನ ಮುಂಭಾಗದಲ್ಲಿ ಏನಿದೆ? ತೆಳ್ಳನೆಯ ಚರ್ಮ, ಹೆಸರಿಗಷ್ಟು ಕೊಬ್ಬು, ರೆಟಿನಾಕುಲಮ್ ಎಂಬ ಪಟ್ಟಿ, ಅದರಡಿಯಲ್ಲಿ ಟೆಂಡನ್‌ಗಳು, ಅದರ ಕೆಳಗೆ ನಿನ್ನ ಕೀಲು. ಚರ್ಮದಿಂದ ಲೋಹಕ್ಕೆ ಅರ್ಧ ಅಂಗುಲದ ದಾರಿ. ಈ ಅರ್ಧ ಅಂಗುಲದಲ್ಲಿ ರಕ್ತ ತಂದು ಗಾಯ ಮಾಯಿಸಬಲ್ಲ ಮಾಂಸವೇ ಇಲ್ಲ. ಮೊಣಕಾಲಿನಲ್ಲಿ ಕ್ಷಮಿಸಲ್ಪಡುವ ತಪ್ಪು ಇಲ್ಲಿ ಕ್ಷಮಿಸಲ್ಪಡುವುದಿಲ್ಲ.

1987ರಲ್ಲಿ ಮೆಲ್ಬರ್ನ್‌ನ ಇಯಾನ್ ಟೇಲರ್ ಮತ್ತು ಪಾಮರ್ ದೇಹದ ಚರ್ಮವನ್ನೆಲ್ಲ ಯಾವ ರಕ್ತನಾಳ ಯಾವ ಭಾಗವನ್ನು ಸಾಕುತ್ತದೆ ಎಂಬ ಲೆಕ್ಕದಲ್ಲಿ ವಿಂಗಡಿಸಿ ಆಂಜಿಯೋಸೋಮ್ ನಕ್ಷೆ ಬರೆದರು. ಅವರು ನಮ್ಮ ಪೈಕಿಯವರು ಅನ್ನುವ ಹೆಮ್ಮೆಯಿಂದ ಹೇಳುತ್ತಿಲ್ಲ (ಸ್ವಲ್ಪ ಇದೆ), ನಿನ್ನ ಕೆಲಸಕ್ಕೆ ಆ ನಕ್ಷೆ ಎಕ್ಸ್‌ರೇಯಷ್ಟೇ ಮುಖ್ಯ ಅನ್ನುವುದಕ್ಕೆ ಹೇಳುತ್ತಿದ್ದೇನೆ. ಪಾದಕ್ಕೆ ಮೂರು ನಾಳ: ಮುಂದಿನ ಟಿಬಿಯಲ್, ಹಿಂದಿನ ಟಿಬಿಯಲ್, ಪೆರೋನಿಯಲ್. ನೀನು ಗೀರುವ ಜಾಗ ಮುಂದಿನ ಟಿಬಿಯಲ್‌ನ ಸೀಮೆ. ಒಳಗೆ ಹೋಗುತ್ತಾ ಅದೇ ನಾಳವನ್ನು ಪಕ್ಕಕ್ಕೆ ಸರಿಸುತ್ತೀಯ, ಅದರ ಅಡ್ಡ ಕವಲುಗಳನ್ನು ಸುಡುತ್ತೀಯ. ಆಮೇಲೆ ಗಾಯದ ಎರಡು ಅಂಚುಗಳೂ ಬದುಕಬೇಕಾದ್ದು ಪಕ್ಕದ ಸೀಮೆಗಳಿಂದ ಹರಿದು ಬರುವ ರಕ್ತದಿಂದ. ಅಂಚಿನ ಆ ಚರ್ಮ ನಾಲೆಯ ಕೊನೆಯ ಗದ್ದೆ ಇದ್ದ ಹಾಗೆ; ಮೇಲೆ ಎಲ್ಲರಿಗೂ ಸಾಕಾಗಿ ಉಳಿದರೆ ಅದಕ್ಕೆ. ಈಗ ನಿನ್ನ ರೋಗಿಯ ಹೊರಮಗ್ಗುಲಿನ ಹಳೆಯ ಕಲೆಯನ್ನು ನೆನಪಿಸಿಕೋ. ಪೆರೋನಿಯಲ್ ಕಡೆಯಿಂದ ಬರಬೇಕಾದ್ದನ್ನು ಅದು ಹತ್ತು ವರ್ಷದ ಹಿಂದೆಯೇ ತಡೆದಿರಬಹುದು. ಆ ಕಲೆಗೂ ನಿನ್ನ ಹೊಸ ಗೀರಿಗೂ ನಡುವೆ ಉಳಿಯುವ ಚರ್ಮದ ಪಟ್ಟಿ ಯಾರನ್ನು ನಂಬಿ ಬದುಕಬೇಕು?

ಮಂಡಿ, ಸೊಂಟ ಸವೆಯುವುದು ಬಹುಪಾಲು ವಯಸ್ಸಿನಿಂದ. ಆಂಕಲ್ ಸವೆಯುವುದು ಬಹುಪಾಲು ಹಳೆಯ ಪೆಟ್ಟಿನಿಂದ. ಹಾಗಾಗಿ ನಿನ್ನ ಹತ್ತಿರ ಬರುವ ಆಂಕಲ್‌ಗಳಲ್ಲಿ ಮುಟ್ಟದ ಚರ್ಮ ಇರುವುದು ಅಪರೂಪ. ಬೈಕ್ ಅಪಘಾತ, ಪ್ಲೇಟು, ಪ್ಲೇಟು ತೆಗೆದದ್ದು, ನಾಟಿ ಕಟ್ಟಿನಲ್ಲಿ ಗುಳ್ಳೆ ಎದ್ದು ಒಣಗಿದ ಗುರುತು, ಎಲ್ಲ ಇರುತ್ತದೆ. ಪ್ರತಿಯೊಂದು ಕಲೆಯನ್ನೂ ಬೆರಳಿನಿಂದ ಅಲುಗಾಡಿಸಿ ನೋಡು. ಕೆಳಗಿನ ಮೂಳೆಯ ಮೇಲೆ ಜಾರುತ್ತದೋ, ಅಂಟಿಕೊಂಡಿದೆಯೋ? ಅಂಟಿದ ಚರ್ಮ ಬಿಚ್ಚಿದರೆ ಮತ್ತೆ ಮುಚ್ಚುವ ಭರವಸೆ ಇಲ್ಲ. ಬಳಸಬಹುದಾದ ಹಳೆಯ ಕಲೆ ಮುಂದುಗಡೆಯೇ ಇದ್ದರೆ ಅದರಲ್ಲೇ ಹೋಗು. ಪಕ್ಕದಲ್ಲಿ ಇನ್ನೊಂದು ಸಮಾನಾಂತರ ಗೀರು ಹಾಕಬೇಡ.

ಇನ್ನು ನಿನ್ನ ಕೇಸಿನ ದೊಡ್ಡ ಗಂಟು. ಫಿಲಡೆಲ್ಫಿಯಾದ ರೇಕಿನ್ ಮತ್ತವರ ಸಂಗಡಿಗರು 2010ರಲ್ಲಿ 106 ಆಂಕಲ್‌ಗಳ ಲೆಕ್ಕ ಕೊಟ್ಟರು. ಮತ್ತೆ ಥಿಯೇಟರಿಗೆ ಒಯ್ಯಬೇಕಾಗುವಂಥ ದೊಡ್ಡ ಗಾಯದ ತೊಂದರೆ, ರುಮಟಾಯ್ಡ್‌ನಂಥ ಉರಿಯೂತದ ವಾತ ಇದ್ದವರಲ್ಲಿ ಸುಮಾರು 14 ಪಟ್ಟು ಹೆಚ್ಚು ಎಂದು ಅದರಲ್ಲಿ ಕಂಡಿತು. ಸಕ್ಕರೆ ಕಾಯಿಲೆ ಸಣ್ಣ ತೊಂದರೆಗಳನ್ನು ಹೆಚ್ಚಿಸುತ್ತಿತ್ತು. ಈಗ ವಿಪರ್ಯಾಸ ನೋಡು. ಕೀಲು ಅಲುಗಾಡುವಂತೆ ಉಳಿಸಬೇಕಾದ ಅಗತ್ಯ ಯಾರಿಗೆ ಹೆಚ್ಚು? ಎರಡೂ ಆಂಕಲ್ ಹಾಳಾದವರಿಗೆ, ಕೆಳಗಿನ ಸಬ್‌ಟೇಲಾರ್ ಕೀಲೂ ಬಿಗಿದವರಿಗೆ. ಅಂದರೆ ರುಮಟಾಯ್ಡ್ ರೋಗಿಗೇ. ರಿಪ್ಲೇಸ್‌ಮೆಂಟ್‌ನಿಂದ ಹೆಚ್ಚು ಪ್ರಯೋಜನ ಪಡೆಯುವ ಕಾಲೂ, ಅದನ್ನು ತಡೆದುಕೊಳ್ಳಲಾರದ ಚರ್ಮವೂ ಒಬ್ಬರದ್ದೇ. ಇದನ್ನು ಬಿಡಿಸುವ ಸೂತ್ರ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಗಂಟು ಇಲ್ಲೇ ಇದೆ ಎಂದು ಗೊತ್ತಿದ್ದು ಕೈ ಹಾಕುವವನು ಬೇರೆ, ಗೊತ್ತಿಲ್ಲದೆ ಕೈ ಹಾಕುವವನು ಬೇರೆ.

ಹಾಗಾಗಿ ಮೊದಲ ಪ್ರಶ್ನೆ: ಬೇಕೇ ಬೇಕಾ? ಬ್ರಿಟನ್ನಿನ 17 ಸರ್ಕಾರಿ ಆಸ್ಪತ್ರೆಗಳಲ್ಲಿ 303 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರಿಪ್ಲೇಸ್‌ಮೆಂಟ್, ಇನ್ನೊಂದಕ್ಕೆ ಫ್ಯೂಷನ್ ಎಂದು ಪರೀಕ್ಷಿಸಿದ ಟಾರ್ವಾ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ನಡಿಗೆ, ನಿಲ್ಲುವಿಕೆಯಲ್ಲಿ ಎರಡೂ ಗುಂಪಿಗೆ ಚೆನ್ನಾಗಿ ಗುಣ. ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಗಾಯ ಮಾಯುವುದರಲ್ಲಿ ವ್ಯತ್ಯಾಸ ಎದ್ದು ಕಂಡಿತು: ರಿಪ್ಲೇಸ್‌ಮೆಂಟ್‌ನಲ್ಲಿ ನೂರಕ್ಕೆ 13.4 ಮಂದಿಗೆ ತೊಂದರೆ, ಫ್ಯೂಷನ್‌ನಲ್ಲಿ 5.7. ಫ್ಯೂಷನ್ ಏನು ಪುಕ್ಕಟೆಯಲ್ಲ. ನೂರಕ್ಕೆ 12ರಷ್ಟು ಮೂಳೆಗಳು ಕೂಡಿಕೊಂಡಿರಲಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದೂ ಒಂದಿಷ್ಟು ಹೆಚ್ಚಿತ್ತು. ಆದರೂ ಚರ್ಮ ಕೆಟ್ಟಿರುವ, ಒಂದೇ ಕಾಲು ನೋಯುವ ರೋಗಿಗೆ ಎರಡು ಸಣ್ಣ ತೂತಿನಲ್ಲಿ ಆರ್ಥ್ರೋಸ್ಕೋಪ್ ಇಟ್ಟು ಮಾಡುವ ಫ್ಯೂಷನ್ ಮರ್ಯಾದೆಯ ದಾರಿ. ಕಾನ್ಫರೆನ್ಸಿನಲ್ಲಿ ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ, ಅಷ್ಟೆ.

ಹಾಂ, ಇನ್ನೊಂದು. “ರಿಪ್ಲೇಸ್‌ಮೆಂಟ್ ಮಾಡಿಸಿಕೊಂಡರೆ ಮೊದಲಿನಂತೆ ಕುಕ್ಕರುಗಾಲಲ್ಲಿ ಕೂರಬಹುದು” ಎಂದು ಯಾರಿಗೂ ಹೇಳಬೇಡ. ಈ ಕೀಲುಗಳು ಕೊಡುವ ಚಲನೆ ಅಷ್ಟಿಲ್ಲ. ನಮ್ಮ ಕಡೆಯ ಜನ ಆ ಒಂದು ಆಸೆಗೇ ಒಪ್ಪಿಬಿಡುತ್ತಾರೆ.

ಸರಿ, ಮಾಡಲೇಬೇಕು ಅಂತಾಯಿತು ಅನ್ನು. ಆಗ ಆಪರೇಷನ್ ಶುರುವಾಗುವುದು ಥಿಯೇಟರಿನಲ್ಲಿ ಅಲ್ಲ, ಎರಡು ತಿಂಗಳ ಮೊದಲು ಓಪಿಡಿಯಲ್ಲಿ. ಪಾದದ ನಾಡಿ ಬೆರಳಿಗೆ ಸಿಗುತ್ತದಾ? ಸಿಗದಿದ್ದರೆ ಡಾಪ್ಲರ್. ಕಾಲಿನ ಒತ್ತಡಕ್ಕೂ ತೋಳಿನ ಒತ್ತಡಕ್ಕೂ ಇರುವ ಅನುಪಾತ 0.9ಕ್ಕಿಂತ ಕೆಳಗಿದ್ದರೆ ವ್ಯಾಸ್ಕುಲರ್ ಸರ್ಜನ್ ಹತ್ತಿರ ಕಳಿಸು, ವಾದ ಬೇಡ. 1.3 ಮೀರಿ ಬಂದರೆ ಖುಷಿಪಡಬೇಡ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಸುಣ್ಣಗಟ್ಟಿ ಗಟ್ಟಿಯಾದಾಗ ಈ ಸಂಖ್ಯೆ ಸುಳ್ಳು ಹೇಳುತ್ತದೆ. ಆಗ ಹೆಬ್ಬೆರಳಿನ ಒತ್ತಡ ನೋಡಬೇಕು. ಚರ್ಮದ ಮೇಲಿನಿಂದಲೇ ಆಮ್ಲಜನಕ ಅಳೆಯುವ ಯಂತ್ರ ನಿಮ್ಮಲ್ಲಿದ್ದರೆ ಗೀರು ಬೀಳುವ ಜಾಗದಲ್ಲೇ ಇಟ್ಟು ನೋಡು. 40 ದಾಟಿದರೆ ನೆಮ್ಮದಿ, 30ಕ್ಕಿಂತ ಕೆಳಗಿದ್ದರೆ ಚಾಕು ಕೆಳಗಿಡು. ಹತ್ತು ಗ್ರಾಮಿನ ಮೋನೋಫಿಲಮೆಂಟಿನಿಂದ ಅಂಗಾಲು ಮುಟ್ಟಿ ನೋಡದೆ ಯಾವ ಸಕ್ಕರೆ ರೋಗಿಯನ್ನೂ ಪಟ್ಟಿಗೆ ಹಾಕಬೇಡ. ಸ್ಪರ್ಶವೇ ಇಲ್ಲದ, ಶಾರ್ಕೋ ಆಗಿ ಮೂಳೆ ಕುಸಿಯುತ್ತಿರುವ ಪಾದ ಈ ಆಪರೇಷನ್ನಿಗೆ ಅಲ್ಲವೇ ಅಲ್ಲ.

2023ರ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಅಂದಮೇಲೆ ನಿನ್ನ ಓಪಿಡಿಯ ಬೆಂಚಿನಲ್ಲಿ ಅವರು ಇದ್ದೇ ಇರುತ್ತಾರೆ. ಎಚ್‌ಬಿಎ1ಸಿ ಏಳೂವರೆ, ಹೆಚ್ಚೆಂದರೆ ಎಂಟರೊಳಗೆ ಬರುವ ತನಕ ತಡೆ. “ಅಡ್ಮಿಟ್ ಮಾಡಿ ಇನ್ಸುಲಿನ್ ಕೊಟ್ಟು ಎರಡು ದಿನದಲ್ಲಿ ಇಳಿಸ್ತೀವಿ” ಎಂಬ ಮಾತು ಅರಿವಳಿಕೆಯವರಿಗೆ ಸಮಾಧಾನ ಕೊಡಬಹುದು, ಚರ್ಮಕ್ಕಲ್ಲ. ಮೂರು ತಿಂಗಳ ಸಕ್ಕರೆ ಅಂಗಾಂಶದಲ್ಲಿ ಮಾಡಿದ ಕೆಲಸವನ್ನು ಎರಡು ದಿನದ ಇನ್ಸುಲಿನ್ ಅಳಿಸುವುದಿಲ್ಲ. ಆದರೆ ಆಪರೇಷನ್ ದಿನವೂ ಆಮೇಲೂ ಸಕ್ಕರೆ 200ರೊಳಗೆ ಇರಬೇಕು, ಅದು ಬೇರೆ ಲೆಕ್ಕ.

ತಂಬಾಕಿನ ವಿಚಾರದಲ್ಲಿ ನೀನು ಫೆಲೋಶಿಪ್‌ನಲ್ಲಿ ಕಲಿತ ಪ್ರಶ್ನೆ ಇಲ್ಲಿ ಸಾಲದು. “ಸ್ಮೋಕ್ ಮಾಡ್ತೀರಾ?” ಅಂದರೆ ಆ ಹೆಂಗಸು ನಕ್ಕುಬಿಡುತ್ತಾರೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತೀರಾ, ಕಡ್ಡಿಪುಡಿ ಇದೆಯಾ, ನಶ್ಯ ಏರಿಸ್ತೀರಾ ಅಂತ ಹೆಸರಿಟ್ಟು ಕೇಳು. ಹೊಗೆಯಲ್ಲಿ ಹೋದರೂ ಒಸಡಿನಲ್ಲಿ ಹೋದರೂ ನಿಕೋಟಿನ್ ಮಾಡುವುದು ಒಂದೇ, ಚರ್ಮದ ಸಣ್ಣ ನಾಳಗಳನ್ನು ಬಿಗಿಯುವುದು. ಬೀಡಿ ಸಿಗರೇಟಿನಲ್ಲಿ ಮೇಲಾಗಿ ಇಂಗಾಲದ ಮಾನಾಕ್ಸೈಡ್. ಕನಿಷ್ಠ ನಾಲ್ಕರಿಂದ ಆರು ವಾರ ಬಿಟ್ಟಿರಬೇಕು, ಗಾಯ ಪೂರ್ತಿ ಮಾಯುವ ತನಕ ಮತ್ತೆ ಮುಟ್ಟಬಾರದು. ಬಿಟ್ಟಿದ್ದೇನೆ ಎಂದವರಿಗೆ ಮೂತ್ರದ ಕೋಟಿನಿನ್ ಪರೀಕ್ಷೆ ಮಾಡಿಸು. ಅವಮಾನ ಮಾಡಲಿಕ್ಕಲ್ಲ, ನೀನು ಪರೀಕ್ಷೆ ಮಾಡಿಸುತ್ತೀಯ ಅಂತ ಗೊತ್ತಾದರೆ ಮನೆಯವರೂ ಡಬ್ಬಿ ಬಚ್ಚಿಡುತ್ತಾರೆ.

ಅಲ್ಬುಮಿನ್ 3.5ಕ್ಕಿಂತ ಕಡಿಮೆ ಇದ್ದರೆ ಮೊದಲು ಊಟದ ಕಡೆ ನೋಡು. ಹಲ್ಲಿಲ್ಲದ ಅಜ್ಜಿಯರು ಗಂಜಿ, ಅನ್ನ ತಿಳಿಸಾರಿನಲ್ಲೇ ದಿನ ಕಳೆಯುತ್ತಿರುತ್ತಾರೆ. ಮೊಟ್ಟೆಯೋ, ಬೇಯಿಸಿ ಅರೆದ ಕಾಳೋ, ಮೊಸರೋ, ಅವರು ತಿನ್ನುವುದನ್ನೇ ಹೆಚ್ಚಿಸಬೇಕು. ಕಾಲ್ಬೆರಳ ಸಂದುಗಳನ್ನು ಬಿಡಿಸಿ ನೋಡು. ಮಲೆನಾಡು, ಕರಾವಳಿಯ ಕಾಲುಗಳಲ್ಲಿ ಕೆಸರು ಹುಣ್ಣು, ಹಿಮ್ಮಡಿ ಬಿರುಕು ಇದ್ದೇ ಇರುತ್ತವೆ. ಅವು ವಾಸಿಯಾಗದೆ ಲೋಹ ಒಳಗಿಡಬೇಡ.

ರುಮಟಾಯ್ಡ್ ಔಷಧಿಗಳ ವಿಚಾರವನ್ನು ನೀನೇ ತೀರ್ಮಾನಿಸಬೇಡ, ರುಮಟಾಲಜಿಯವರಿಗೆ ಫೋನ್ ಮಾಡು. ಅಮೆರಿಕದ ರುಮಟಾಲಜಿ ಕಾಲೇಜು 2017ರಲ್ಲಿ ಸೊಂಟ, ಮಂಡಿ ಬದಲಿಗೆಂದು ಮಾಡಿ 2022ರಲ್ಲಿ ಪರಿಷ್ಕರಿಸಿದ ಸೂಚನೆಗಳನ್ನೇ ಪಾದದವರೂ ಎರವಲು ಪಡೆದಿದ್ದಾರೆ. ಮೆಥೊಟ್ರೆಕ್ಸೇಟ್ ನಿಲ್ಲಿಸಬೇಕಿಲ್ಲ, ನಿಲ್ಲಿಸಿದರೆ ವಾತ ಕೆರಳಿ ಅದೇ ಇನ್ನೊಂದು ತೊಂದರೆ. ಅಡಾಲಿಮುಮ್ಯಾಬ್‌ನಂಥ ಬಯಾಲಜಿಕ್ ಇಂಜೆಕ್ಷನ್‌ಗಳನ್ನು ಮಾತ್ರ ತಡೆಹಿಡಿದು, ಮುಂದಿನ ಡೋಸು ಬೀಳಬೇಕಿದ್ದ ಸಮಯ ದಾಟಿದ ಮೇಲೆ ಆಪರೇಷನ್ ಇಟ್ಟುಕೊಳ್ಳಬೇಕು. ಗಾಯ ಮಾಯ್ದು ಹೊಲಿಗೆ ಬಿಚ್ಚಿದ ಮೇಲೆಯೇ ಮತ್ತೆ ಶುರು. ಸ್ಟಿರಾಯ್ಡ್ ದಿನದ ಡೋಸು ಹಾಗೇ ಮುಂದುವರಿಯಲಿ, ಆದರೆ ದಿನಕ್ಕೆ 20 ಮಿಲಿಗ್ರಾಮಿಗಿಂತ ಕೆಳಗೆ ಮೊದಲೇ ಇಳಿಸಿಕೋ. ಇಲ್ಲಿ ನಮ್ಮ ಊರಿನ ಒಂದು ಸಂಗತಿ. ಚೀಟಿಯಲ್ಲಿ ಸ್ಟಿರಾಯ್ಡ್ ಇಲ್ಲ ಅಂದಮಾತ್ರಕ್ಕೆ ಹೊಟ್ಟೆಯಲ್ಲೂ ಇಲ್ಲ ಅಂತಲ್ಲ. ಮೈಕೈ ನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಬಣ್ಣದ ಮಾತ್ರೆ ವರ್ಷಗಟ್ಟಲೆ ನುಂಗಿರುತ್ತಾರೆ. ಮುಂಗೈಯ ಚರ್ಮ ತೆಳುವಾಗಿ ನೀಲಿ ಕಲೆಗಳಿದ್ದರೆ, ಮುಖ ಊದಿದ್ದರೆ, ಆ ಪೊಟ್ಟಣವನ್ನು ತರಿಸಿ ನೋಡು.

ಇನ್ನು ಥಿಯೇಟರು. ಇಲ್ಲಿ ನನಗೆ ಹೇಳಲು ಹೆಚ್ಚಿದೆ, ನಿನಗೆ ಬೇಸರ ಬಂದರೂ ಕೇಳು.

ಗೀರು ಸಣ್ಣದಿರಬೇಕು ಎಂಬ ಶೋಕಿ ಬಿಡು. 12–15 ಸೆಂಟಿಮೀಟರ್ ಹೋಗಲಿ. ಸಣ್ಣ ಗೀರಿನಲ್ಲಿ ದೊಡ್ಡ ಕೀಲು ತುರುಕಬೇಕಾದರೆ ಚರ್ಮವನ್ನು ಎಳೆಯಲೇಬೇಕು, ಎಳೆದ ಚರ್ಮ ಸಾಯುತ್ತದೆ. ಉದ್ದ ಗೀರು ಮಾಯುತ್ತದೆ, ಎಳೆದ ಗೀರು ಮಾಯುವುದಿಲ್ಲ. ಕೆಳತುದಿಯಲ್ಲಿ ಸೂಪರ್ಫೀಶಿಯಲ್ ಪೆರೋನಿಯಲ್ ನರದ ಒಳಕವಲು ಹೊರಗಿನಿಂದ ಒಳಕ್ಕೆ ದಾಟುತ್ತದೆ. ಅದನ್ನು ಹುಡುಕಿ, ಕಂಡು, ಸರಿಸು. ಚರ್ಮದಿಂದ ರೆಟಿನಾಕುಲಮ್ ತನಕ ಒಂದೇ ಪದರವಾಗಿ ಎತ್ತು. ನಡುವೆ ಬಿಡಿಸಿ ಎರಡು ಪದರ ಮಾಡಿದೆಯೋ, ಚರ್ಮಕ್ಕೆ ಕೆಳಗಿನಿಂದ ಬರುವ ಕವಲುಗಳನ್ನು ನೀನೇ ಕಡಿದಂತೆ.

ಮುಂದಿನದು ಇಡೀ ಪತ್ರದಲ್ಲಿ ಬಹುಮುಖ್ಯ. ನೀನು ಒಳಗೆ ಹೋಗುವುದು ಟಿಬಿಯಾಲಿಸ್ ಆಂಟೀರಿಯರ್ ಮತ್ತು ಹೆಬ್ಬೆರಳು ಎತ್ತುವ ಟೆಂಡನ್ ನಡುವೆ. ರೆಟಿನಾಕುಲಮ್ ಬಿಡಿಸುವಾಗ ಹೆಬ್ಬೆರಳಿನ ಟೆಂಡನ್ ಮೇಲಿನ ಕವಚದಲ್ಲಿ ಬಿಡಿಸು. ಟಿಬಿಯಾಲಿಸ್ ಆಂಟೀರಿಯರ್‌ನ ಕವಚವನ್ನು ತೆರೆಯಲೇಬೇಡ. ಯಾಕೆ ಅಂತ ನನ್ನಂಥವನನ್ನು ಕೇಳು. ಮೇಲಿನ ಚರ್ಮ ನಾಳೆ ಸತ್ತರೂ ಕೆಳಗೆ ಕವಚ ಜೀವಂತವಿದ್ದರೆ ಅದರ ಮೇಲೆ ಕೆಂಪು ಮಾಂಸಕಣ ಬರುತ್ತದೆ, ತೊಡೆಯ ತೆಳು ಚರ್ಮದ ಗ್ರಾಫ್ಟ್ ಹಿಡಿಯುತ್ತದೆ. ಕವಚ ಕಳೆದು ಬಿಳಿಚಿ ಹೊಳೆಯುವ ಬೋಳು ಟೆಂಡನ್ ಮೇಲೆ ಯಾವ ಗ್ರಾಫ್ಟೂ ಹಿಡಿಯುವುದಿಲ್ಲ. ಆಗ ತೊಡೆಯಿಂದಲೋ ಮುಂಗೈಯಿಂದಲೋ ರಕ್ತನಾಳ ಸಮೇತ ಫ್ಲ್ಯಾಪ್ ತಂದು ಸೂಕ್ಷ್ಮದರ್ಶಕದ ಕೆಳಗೆ ಹೊಲಿಯಬೇಕು. ಒಂದು ಗಂಟೆಯ ಕೆಲಸ ಎಂಟು ಗಂಟೆಯದಾಗುತ್ತದೆ. ಅದೂ ಸಕ್ಕರೆ ಕಾಯಿಲೆಯ, ಸುಣ್ಣಗಟ್ಟಿದ ನಾಳದ ಕಾಲಿನಲ್ಲಿ. ಮುಚ್ಚುವಾಗ ರೆಟಿನಾಕುಲಮ್ಮನ್ನು ಗಟ್ಟಿಯಾಗಿ ಹೊಲಿಯಬೇಕಾದ್ದೂ ಇದಕ್ಕೇ. ಅದು ಬಿಟ್ಟುಕೊಂಡರೆ ಟೆಂಡನ್ ಬಿಲ್ಲಿನ ಹೆದೆಯಂತೆ ಉಬ್ಬಿ ಒಳಗಿನಿಂದಲೇ ಗಾಯವನ್ನು ಒತ್ತುತ್ತದೆ.

ಚರ್ಮದ ಅಂಚನ್ನು ಫೋರ್ಸೆಪ್ಸ್‌ನಿಂದ ಹಿಡಿಯಬೇಡ, ಹುಕ್ ಬಳಸು. ತಾನೇ ಬಿಗಿದು ನಿಲ್ಲುವ ಸೆಲ್ಫ್ ರಿಟೈನಿಂಗ್ ರಿಟ್ರ್ಯಾಕ್ಟರನ್ನು ಚರ್ಮದ ಮೇಲೆ ಹಾಕಬೇಡ. ಆಳಕ್ಕೆ ಇಳಿದ ಮೇಲೆ ಮೂಳೆಯ ಬದಿಯಲ್ಲಿ ಮಾತ್ರ, ಅದೂ ಆಗಾಗ ಸಡಿಲಿಸಿ. ಎದುರು ನಿಂತ ಪಿಜಿ ಹುಡುಗನ ಕೈ ಕಡೆ ಕಣ್ಣಿರಲಿ. ನೀನು ಟೇಲಸ್ ಮೂಳೆ ಕೊಯ್ಯುವುದರಲ್ಲಿ ಮಗ್ನನಾಗಿರುವಾಗ ಅವನು ನಿನಗೆ ಚೆನ್ನಾಗಿ ಕಾಣಲಿ ಅಂತ ಪಾಪ ಜೋರಾಗಿ ಎಳೆಯುತ್ತಿರುತ್ತಾನೆ. ಅಷ್ಟು ಹೊತ್ತಿನ ಎಳೆತಕ್ಕೆ ಆ ಅಂಚು ಹತ್ತನೇ ದಿನ ಲೆಕ್ಕ ಕೊಡುತ್ತದೆ.

ಕೆಫಾಜೊಲಿನ್ ಗೀರಿನ ಒಂದು ಗಂಟೆಯೊಳಗೆ, ಟೂರ್ನಿಕೆಟ್ ಉಬ್ಬಿಸುವ ಮೊದಲೇ ಹೋಗಿರಬೇಕು. ಉಬ್ಬಿಸಿದ ಮೇಲೆ ಕೊಟ್ಟದ್ದು ಕಾಲಿಗೆ ಮುಟ್ಟುವುದಿಲ್ಲ. ಟೂರ್ನಿಕೆಟ್ ಎರಡು ಗಂಟೆ ದಾಟಬಾರದು. ಹಿಮ್ಮಡಿ ಮೂಳೆ ಸರಿಪಡಿಸುವುದು, ಲಿಗಮೆಂಟ್ ಹೊಲಿಯುವುದು, ಹಳೆಯ ಪ್ಲೇಟು ತೆಗೆಯುವುದು, ಎಲ್ಲವನ್ನೂ ಒಂದೇ ದಿನಕ್ಕೆ ಕಟ್ಟಬೇಡ. ಒಳ್ಳೆಯ ಚರ್ಮದ ಯುವಕನಿಗೆ ಅದು ನಡೆಯುತ್ತದೆ. ಈ ಹೆಂಗಸಿನಂಥವರಿಗೆ ಎರಡು ಕಂತು ಮಾಡು. ಪ್ಲೇಟು ಮೊದಲು, ಆ ಗಾಯ ಮಾಯುತ್ತದೋ ಇಲ್ಲವೋ ನೋಡು. ಆ ಚರ್ಮದ ಗುಣ ನಿನಗೆ ಪುಕ್ಕಟೆಯಾಗಿ ಗೊತ್ತಾಗುತ್ತದೆ.

ಹೊಲಿಯುವ ಮೊದಲು ಟೂರ್ನಿಕೆಟ್ ಬಿಟ್ಟು ರಕ್ತ ನಿಲ್ಲಿಸು. ಚರ್ಮದಡಿಯಲ್ಲಿ ರಕ್ತ ಗಟ್ಟಿಯಾಗಿ ನಿಂತರೆ ಅದು ಮೇಲಕ್ಕೆ ಒತ್ತುತ್ತದೆ, ಕ್ರಿಮಿಗಳಿಗೆ ಊಟವೂ ಆಗುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಬೇಡವೆನ್ನಲು ಕಾರಣವಿಲ್ಲದಿದ್ದರೆ ಕೊಡು. ಡ್ರೈನ್ ಬೇಕೋ ಬೇಡವೋ ಎಂಬ ಚರ್ಚೆ ನಿಮ್ಮವರಲ್ಲಿ ಮುಗಿದಿಲ್ಲ. ನನಗಂತೂ ಇಟ್ಟರೇ ಸಮಾಧಾನ. ಚರ್ಮಕ್ಕೆ ನೈಲಾನ್, ಆಲ್ಗೋವರ್-ದೊನಾತಿ ಹೊಲಿಗೆ. ಒಂದೇ ಬದಿಯ ಚರ್ಮವನ್ನು ಚುಚ್ಚಿ, ಎದುರು ಬದಿಯಲ್ಲಿ ಒಳಗೊಳಗೇ ಹೋಗಿ ವಾಪಸು ಬರುತ್ತದಲ್ಲ, ಅದು. ಅಂಚಿನ ರಕ್ತಸಂಚಾರವನ್ನು ಎಲ್ಲಕ್ಕಿಂತ ಕಡಿಮೆ ಕೆಡಿಸುವ ಹೊಲಿಗೆ ಅದೇ. ಗಂಟು ಬಿಗಿಯಬೇಡ, ಅಂಚುಗಳು ಮುಟ್ಟಿಕೊಂಡರೆ ಸಾಕು, ನಾಳೆ ಬಾವು ಬಂದಾಗ ಅದು ತಾನೇ ಬಿಗಿಯುತ್ತದೆ. ಮುಚ್ಚಿದ ಗಾಯದ ಮೇಲೆ ಹಾಕುವ ವ್ಯಾಕ್ ಪಟ್ಟಿ ಇದೆಯಲ್ಲ, ದುಡ್ಡಿನ ಬಾಬತ್ತಾದರೂ ಇಂಥ ರೋಗಿಗೆ ನಾನು ಹಾಕು ಎನ್ನುತ್ತೇನೆ. ಆದರೆ ಒರಟಾಗಿ ಮಾಡಿದ ಆಪರೇಷನ್ನನ್ನು ಅದು ಉಳಿಸುವುದಿಲ್ಲ.

ಮುಂಭಾಗದ ಚರ್ಮ ಬಳಸುವ ಹಾಗೇ ಇಲ್ಲ, ಆದರೂ ಕೀಲು ಬದಲಿಸಲೇಬೇಕು ಎಂದಾದರೆ? ಫಿಬುಲಾ ಕತ್ತರಿಸಿ ಹೊರಮಗ್ಗುಲಿನಿಂದ ಹೋಗುವ ಇಂಪ್ಲಾಂಟ್ ಒಂದಿದೆ, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಈಕೆಯ ಹೊರಮಗ್ಗುಲಲ್ಲೇ ಕಲೆ ಇದೆ, ಕತ್ತರಿಸಿದ ಫಿಬುಲಾಗೆ ಮತ್ತೊಂದು ಪ್ಲೇಟು ಬೇರೆ ಬೇಕು. ಇನ್ನೊಂದು ದಾರಿ, ಮೊದಲು ನಮ್ಮವರು ಕೆಟ್ಟ ಚರ್ಮ ತೆಗೆದು ಒಳ್ಳೆಯ ಫ್ಲ್ಯಾಪ್ ಕೂರಿಸುವುದು. ಅದು ಬೇರೂರಿದ ಮೇಲೆ, ಕೆಲವು ತಿಂಗಳು ಬಿಟ್ಟು, ನೀನು ಅದರ ಅಂಚಿನಿಂದ ಒಳಗೆ ಹೋಗುವುದು. ಸೋತ ಗಾಯಕ್ಕೆ ಫ್ಲ್ಯಾಪ್ ತರುವುದಕ್ಕಿಂತ ಸೋಲುವ ಮೊದಲೇ ತರುವುದು ಎಷ್ಟೋ ಮೇಲು. ನಿಮ್ಮವರು ಇದನ್ನು ಕೇಳಿದರೆ “ಒಂದು ಕೀಲಿಗೆ ಎರಡು ಆಪರೇಷನ್ನಾ?” ಅನ್ನುತ್ತಾರೆ. ಗಾಯ ಬಿಚ್ಚಿಕೊಂಡ ಮೇಲೆ ಆಗುವ ಆಪರೇಷನ್‌ಗಳನ್ನು ಯಾರೂ ಮುಂಚಿತವಾಗಿ ಎಣಿಸುವುದಿಲ್ಲ.

ಆಮೇಲಿನ ಎರಡು ಮೂರು ವಾರ. ಪಾದ ಕಾಲಿಗೆ ನೇರ ಕೋನದಲ್ಲಿರುವಂತೆ ಪಿಒಪಿ ಸ್ಲ್ಯಾಬ್, ಮೆತ್ತನೆ ಹತ್ತಿ, ಮುಂದುಗಡೆ ಬಿಗಿ ಇಲ್ಲ. ಕಾಲು ಎದೆಯ ಮಟ್ಟಕ್ಕಿಂತ ಮೇಲೆ. ನಿಮ್ಮವರಿಗೆ ಮಂಡಿ ಆಪರೇಷನ್ನಿನ ಚಾಳಿ, ಮರುದಿನವೇ ಬಗ್ಗಿಸಿ ಆಡಿಸಬೇಕು. ಇಲ್ಲಿ ಬೇಡ. ಪಾದ ಆಡಿದಾಗಲೆಲ್ಲ ಮುಂದಿನ ಗಾಯ ಎಳೆಯುತ್ತದೆ, ಮಡಚುತ್ತದೆ. ಚಲನೆ ಒಂದೆರಡು ವಾರ ತಡವಾಗಿ ಬಂದರೆ ಕೀಲು ಕ್ಷಮಿಸುತ್ತದೆ. ಹೊಲಿಗೆ ಹದಿನಾಲ್ಕನೇ ದಿನ ಬಿಚ್ಚಬೇಕೆಂದು ಎಲ್ಲಿಯೂ ಬರೆದಿಲ್ಲ. ರುಮಟಾಯ್ಡ್, ಸಕ್ಕರೆ ಇದ್ದವರಿಗೆ ಮೂರು, ನಾಲ್ಕು ವಾರ ಇರಲಿ. ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ ಯಾವಾಗ ಶುರು ಎಂಬುದನ್ನು ಗಾಯದಿಂದ ಸೋರುತ್ತಿರುವ ರಕ್ತ ನೋಡಿ ತೀರ್ಮಾನಿಸು, ವಾರ್ಡಿನ ಪ್ರಿಂಟಾದ ಚಾರ್ಟು ನೋಡಿ ಅಲ್ಲ.

ಡಿಸ್ಚಾರ್ಜ್ ಆದಮೇಲೆ ಡ್ರೆಸ್ಸಿಂಗ್ ಎಲ್ಲಿ? ಇದನ್ನು ನೀವು ಯಾರೂ ಕೇಳುವುದಿಲ್ಲ. ಊರಿನ ಕ್ಲಿನಿಕ್ಕಿನಲ್ಲಿ ಪಟ್ಟಿ ಬಿಚ್ಚಿ, ಹೈಡ್ರೋಜನ್ ಪೆರಾಕ್ಸೈಡ್ ಸುರಿದು ಬುರುಗು ಬರಿಸಿ, ಸ್ಲ್ಯಾಬ್ ವಾಪಸು ಹೇಗೆ ಕಟ್ಟುವುದು ಗೊತ್ತಾಗದೆ ಬಿಗಿದು ಕಟ್ಟಿ ಕಳಿಸುತ್ತಾರೆ. ಅವರ ತಪ್ಪೇನಿಲ್ಲ, ಅವರಿಗೆ ಯಾರೂ ಹೇಳಿಲ್ಲ. ಚೀಟಿಯಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಬರೆ: ಪಟ್ಟಿ ಬಿಚ್ಚಬೇಡಿ, ಒದ್ದೆಯಾದರೆ ಅಥವಾ ವಾಸನೆ ಬಂದರೆ ಈ ನಂಬರಿಗೆ ಫೋನ್ ಮಾಡಿ. ಗಾಯದ ಫೋಟೋ ಕಳಿಸಲು ಮಗನಿಗೋ ಸೊಸೆಗೋ ಹೇಳಿಕೊಡು. ಆಪರೇಷನ್ನಿಗೆ ಸಹಿ ಹಾಕಿಸುವಾಗಲೇ, ಗಾಯ ಮಾಯದಿದ್ದರೆ ತೊಡೆಯ ಚರ್ಮ ತೆಗೆಯಬೇಕಾಗಬಹುದು, ಕೀಲನ್ನೇ ತೆಗೆದು ಮೂಳೆ ಕೂಡಿಸಬೇಕಾಗಬಹುದು, ತೀರಾ ಅಪರೂಪಕ್ಕೆ ಕಾಲೂ ಹೋಗಬಹುದು ಎಂದು ಬಾಯಿಬಿಟ್ಟು ಹೇಳಿರು. ಕೇಳಿದ ಮೇಲೂ ಆಕೆ ಹೂಂ ಅಂದರೆ ಅದು ನಿಜವಾದ ಒಪ್ಪಿಗೆ.

ಅಂಚು ಕಪ್ಪಾದರೆ ಗಾಬರಿಯೂ ಬೇಡ, ಉದಾಸೀನವೂ ಬೇಡ. ಒಣಗಿದ, ಗಟ್ಟಿಯಾದ, ಸುತ್ತ ಕೆಂಪಿಲ್ಲದ ಕಪ್ಪು ಪೊರೆಯನ್ನು ಕೆದಕದೆ ಬಿಡು. ಅದರಡಿಯಲ್ಲಿ ಚರ್ಮ ಮಾಯುತ್ತಿರುತ್ತದೆ. ಉತ್ತರ ಕೆರೊಲಿನಾದ ಡ್ಯೂಕ್‌ನವರು 762 ಆಂಕಲ್‌ಗಳ ಲೆಕ್ಕ ಕೊಟ್ಟಾಗ ಗಾಯಕ್ಕಾಗಿ ಮತ್ತೆ ಥಿಯೇಟರಿಗೆ ಹೋದವರು 26. ಪಳಗಿದ ಕೈಯಲ್ಲಿ ಬಹುಪಾಲು ಗಾಯಗಳು ಹೇಗೋ ದಡ ಸೇರುತ್ತವೆ. ಆದರೆ ಏಳೆಂಟು ದಿನ ಕಳೆದರೂ ಸೋರುತ್ತಲೇ ಇದ್ದರೆ, ಪೊರೆ ಮೆತ್ತಗಾಗಿ ಅಲುಗಾಡುತ್ತಿದ್ದರೆ, ಒಳಗೆ ಬಿಳಿ ಟೆಂಡನ್ ಇಣುಕಿದರೆ, “ಇನ್ನೊಂದು ವಾರ ಆಂಟಿಬಯೋಟಿಕ್ ನೋಡೋಣ” ಎಂಬ ಮಾತು ನಿನ್ನ ಬಾಯಲ್ಲಿ ಬರಬಾರದು. ಅರ್ಧ ಅಂಗುಲದ ಕೆಳಗೆ ಲೋಹ ಇದೆ. ಅದರ ಮೇಲೆ ಕ್ರಿಮಿಗಳು ಪೊರೆ ಕಟ್ಟಿಕೊಂಡರೆ ಮಾತ್ರೆಗೂ ಇಂಜೆಕ್ಷನ್ನಿಗೂ ಜಗ್ಗುವುದಿಲ್ಲ. ಥಿಯೇಟರಿಗೆ ಒಯ್ದು, ತೆರೆದು, ತೊಳೆದು, ಕಲ್ಚರ್ ಕಳಿಸಿ, ಬೇಕಾದರೆ ನಡುವಿನ ಪ್ಲಾಸ್ಟಿಕ್ ತುಂಡು ಬದಲಿಸಿ, ಅದೇ ದಿನ ಮುಚ್ಚುವ ಯೋಚನೆ ಮಾಡು. ಬೇಗ ಹೋದರೆ ಕೀಲು ಉಳಿಸಿಕೊಳ್ಳುವ ಅವಕಾಶ ಇದೆ. ತಿಂಗಳು ಕಳೆದರೆ ಆ ಅವಕಾಶ ಕರಗುತ್ತಾ ಹೋಗುತ್ತದೆ.

ಈಗ ನನ್ನ ಕೈ ಸೂಕ್ಷ್ಮದರ್ಶಕದ ಕೆಲಸಕ್ಕೆ ಲಾಯಕ್ಕಿಲ್ಲ, ಆದ್ದರಿಂದ ನನಗೆ ಫೋನ್ ಮಾಡಬೇಡ. ನಿಮ್ಮ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಪ್ಲಾಸ್ಟಿಕ್ ಸರ್ಜರಿಯ ಹುಡುಗಿ ಒಬ್ಬಳಿದ್ದಾಳಲ್ಲ, ಮೊನ್ನೆ ನಿನಗೆ ಪರಿಚಯ ಆಯಿತು ಅಂದೆಯಲ್ಲ, ಅವಳನ್ನು ಸೋಮವಾರದ ಓಪಿಡಿಗೆ ಕರೆ. ಆ ಹೆಂಗಸಿನ ಕಾಲನ್ನು ಇಬ್ಬರೂ ಒಟ್ಟಿಗೆ ನೋಡಿ. ಗೀರು ಎಲ್ಲಿ ಬೀಳಬೇಕು ಅಂತ ಪೆನ್ನಿನಲ್ಲಿ ಅವಳೂ ಒಂದು ಗೆರೆ ಎಳೆಯಲಿ, ನೀನೂ ಒಂದು ಎಳೆ. ಎರಡು ಗೆರೆ ಒಂದೇ ಕಡೆ ಬೀಳದಿದ್ದರೆ ಆಪರೇಷನ್ ತಾರೀಖು ಕೊಡಬೇಡ.